ಮೌಂಟ್: ಬೆಟ್ಟದಿಂದ ಕರ್ನಲ್‌ವರೆಗೆ

ಲ್ಯಾಟಿನ್ನಿನಲ್ಲಿ ‘ಮೋನ್ಸ್’ ಎಂದರೆ ಬೆಟ್ಟ. ಆ ಬೇರಿನಿಂದ ಫ್ರೆಂಚಿನಲ್ಲಿ ಹತ್ತುವ ಕ್ರಿಯೆ ಹುಟ್ಟಿತು. ಇಂಗ್ಲಿಷಿಗೆ ಬಂದ ‘ಮೌಂಟ್’ ಕುದುರೆಯೇರಿತು, ಉಂಗುರಕ್ಕೆ ಹರಳು ಕೂರಿಸಿತು, ಗಾಡಿಯ ಮೇಲೆ ಫಿರಂಗಿ ನಿಲ್ಲಿಸಿತು. ಕಂಪ್ಯೂಟರ್ ಕೋಣೆಗೆ ಕಾಲಿಟ್ಟದ್ದು ಈ ಕೂರಿಸುವ ಅರ್ಥದಲ್ಲೇ. ಆಪರೇಟರು ಟೇಪಿನ ಸುರುಳಿಯನ್ನೋ ಸುಮಾರು 2.5 ಮೆಗಾಬೈಟ್ ಹಿಡಿಸುವ ಆರ್‌ಕೆ05 ಡಿಸ್ಕನ್ನೋ ಕೈಯಾರೆ ಎತ್ತಿ ಡ್ರೈವಿಗೆ ಹಾಕಬೇಕಿತ್ತು. ಆಗ ಅದು ಮೈಮುರಿಯುವ ಕೆಲಸ.

1971ರ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕೈಪಿಡಿಯಲ್ಲಿ ಅದೇ ಪದ ಆಜ್ಞೆಯಾಗಿದೆ: ಡಿಸ್ಕಿನಲ್ಲಿರುವ ಕಡತವ್ಯವಸ್ಥೆಯನ್ನು ಮರದಾಕಾರದ ಡೈರೆಕ್ಟರಿಗಳಲ್ಲಿ ಒಂದೆಡೆ ಸೇರಿಸುವುದು. ಕಳಚುವ ಆಜ್ಞೆ ‘ಅಮೌಂಟ್’ನಲ್ಲಿ ಒಂದು ‘ನ’ಕಾರ ಕಾಣೆಯಾಗಿದೆ, ಇಷ್ಟು ವರ್ಷವಾದರೂ ಯಾರೂ ಅದನ್ನು ಹಿಂದಕ್ಕೆ ತಂದಿಲ್ಲ.

ಏನೇನು ಮೌಂಟ್ ಆಗಿದೆ ಎಂಬ ಲೆಕ್ಕ ಬಹುಕಾಲ ‘/ಇಟಿಸಿ/ಎಮ್‌ಟ್ಯಾಬ್’ ಕಡತದಲ್ಲಿತ್ತು. ಬರೆಯುತ್ತಿದ್ದುದು ವ್ಯವಸ್ಥೆಯ ತಿರುಳಾದ ಕರ್ನಲ್ ಅಲ್ಲ, ಮೌಂಟ್ ಆಜ್ಞೆಯೇ; ಕೆಲಸದವರೇ ಹಾಜರಿ ಪುಸ್ತಕ ಬರೆದುಕೊಂಡ ಹಾಗೆ. ಯಂತ್ರ ಹಠಾತ್ತನೆ ನಿಂತರೆ, ಅಥವಾ ಮೂಲ ಡಿಸ್ಕ್ ಓದಲು ಮಾತ್ರ ಸಿಕ್ಕುವಂತಿದ್ದರೆ, ಪಟ್ಟಿ ಒಂದು ಹೇಳುತ್ತಿತ್ತು, ವಾಸ್ತವ ಇನ್ನೊಂದಾಗಿರುತ್ತಿತ್ತು.

ಹಾಗಾಗಿ ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯ ಬಳಕೆದಾರರು ಕರ್ನಲ್ಲನ್ನೇ ಕೇಳತೊಡಗಿದರು. ‘/ಪ್ರಾಕ್/ಮೌಂಟ್ಸ್’ ಡಿಸ್ಕಿನಲ್ಲಿಲ್ಲದ ಕಡತ. ಅದರ ಗಾತ್ರ ಸೊನ್ನೆ. ಓದುವ ಗಳಿಗೆಯಲ್ಲಿ ಕರ್ನಲ್ ತನ್ನ ನೆನಪಿನಿಂದ ಸಾಲುಗಳನ್ನು ಹೊಸದಾಗಿ ಬರೆದುಕೊಡುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಸಾಲು ಒಡೆಯದಂತೆ ‘\040’ ಎಂದು ಬರೆಯುತ್ತದೆ. 2008ರಲ್ಲಿ ಬಂದ ಕರ್ನಲ್ಲಿನ 2.6.26ನೇ ಆವೃತ್ತಿಯ ‘ಮೌಂಟ್‌ಇನ್ಫೋ’ ಪ್ರತಿ ಮೌಂಟಿಗೂ ಒಂದು ಸಂಖ್ಯೆ, ಅದರ ತಾಯಿಯ ಸಂಖ್ಯೆ, ಜೊತೆಗೆ ಸಾಧನದ ಗುರುತನ್ನೂ ಕೊಟ್ಟಿತು. ‘8:1’ ಎಂದರೆ ಮೊದಲ ಎಸ್‌ಸಿಎಸ್‌ಐ ಡಿಸ್ಕಿನ ಮೊದಲ ಭಾಗ. ‘0’ಯಿಂದ ಶುರುವಾದರೆ ಅದರ ಹಿಂದೆ ಸಾಮಾನ್ಯವಾಗಿ ನಿಜವಾದ ಡಿಸ್ಕ್ ಇರುವುದಿಲ್ಲ, ಸ್ಮರಣೆಯಲ್ಲೇ ಬದುಕುವ ‘ಟೆಂಪ್‌ಎಫ್‌ಎಸ್’ ಹೀಗೆಯೇ. ಎತ್ತಿಡುವುದಕ್ಕೆ ವಸ್ತುವೇ ಇಲ್ಲ, ಆದರೂ ಅದಕ್ಕೆ ಮೌಂಟ್ ಎಂದೇ ಹೆಸರು!

ಈಗ ‘ಎಮ್‌ಟ್ಯಾಬ್’ ಎಷ್ಟೋ ಕಡೆ ‘/ಪ್ರಾಕ್/ಸೆಲ್ಫ್/ಮೌಂಟ್ಸ್’ನತ್ತ ಬೆರಳು ತೋರುವ ಕೊಂಡಿಯಷ್ಟೇ. ಆ ‘ಸೆಲ್ಫ್’ ಎಂದರೆ ಕೇಳುತ್ತಿರುವ ಪ್ರಕ್ರಿಯೆ, ಅಂದರೆ ಓಡುತ್ತಿರುವ ಪ್ರೋಗ್ರಾಮ್. ಮೌಂಟ್‌ಗಳ ನೋಟ ಒಂದೊಂದು ಪ್ರಕ್ರಿಯೆಗೂ ಬೇರೆಯಾಗಬಹುದು. ಹಾಗಾಗಿ ಒಂದೇ ಯಂತ್ರದಲ್ಲಿ, ಪ್ರಕ್ರಿಯೆಗಳನ್ನು ಪ್ರತ್ಯೇಕವಾಗಿಡುವ ಕಂಟೇನರ್ ಒಳಗಿನಿಂದ ಕೇಳಿದರೆ ಒಂದು ಪಟ್ಟಿ, ಹೊರಗಿನಿಂದ ಕೇಳಿದರೆ ಇನ್ನೊಂದು, ಎರಡೂ ಸರಿ.