ಯಾವ ಖಂಡುಗ, ಯಾವ ವರ್ಷ?

ಸಕಲೇಶಪುರ, ಆಲೂರು ಸೀಮೆಯ ಹಳೆಯ ದಾಖಲೆಯಲ್ಲಿ ‘ಎರಡು ಖಂಡುಗ’ ಎಂದು ಕಂಡರೆ ಓದುವವರು ಮೊದಲು ಒಂದು ಮರುಪ್ರಶ್ನೆ ಹಾಕಿಕೊಳ್ಳಬೇಕು: ಭತ್ತವೋ, ಭೂಮಿಯೋ? ಖಂಡುಗ ಕಾಳು ಅಳೆಯುವ ಮಾನ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬೀಜ ಹಿಡಿಯುವ ನೆಲಕ್ಕೂ ಖಂಡುಗವೆಂದೇ ಹೆಸರು. ನೆಲವೆಂದು ಗೊತ್ತಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಗದ್ದೆಯೋ, ಹೊಲವೋ? ರಾಗಿಯ ಬೀಜ ಹೆಚ್ಚು ನೆಲಕ್ಕೆ ಸಾಲುತ್ತದೆ. ಹಾಗಾಗಿ ಹೊಲದ ಖಂಡುಗ ಗದ್ದೆಯ ಖಂಡುಗಕ್ಕಿಂತ ಬಹಳ ದೊಡ್ಡದು. ಪದ ಒಂದೇ, ಸಂಖ್ಯೆ ಒಂದೇ, ಬಗೆ ಮೂರು.

ಊರಿನ ಶಾನುಭೋಗರಿಗೆ ಈ ಗೊಂದಲ ಇರಲಿಲ್ಲ. ಅವರ ಲೆಕ್ಕದಲ್ಲಿ ಸಂಖ್ಯೆ ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಜಮೀನಿನ ಹೆಸರು, ತರಿಯೋ ಖುಷ್ಕಿಯೋ ಎಂಬ ವರ್ಗ, ಅಳತೆಯ ಹೆಸರು ಅದರ ಜೊತೆಗೇ ಬರುತ್ತಿದ್ದವು. ಕಾಲಿಗೆ ಒಂದು ನಿಂತ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಬರೆಯದೆ ಬಿಟ್ಟದ್ದು ಅವರ ತಲೆಯಲ್ಲಿ ಇರುತ್ತಿತ್ತು. ಇದನ್ನು ಬರೀ ಹೊಗಳಿ ಬಿಡುವಂತಿಲ್ಲ. ಶಾನುಭೋಗರ ತಲೆಯಲ್ಲಿದ್ದದ್ದು ರೈತನಿಗೆ ಕಾಣುತ್ತಿರಲಿಲ್ಲ. ಅಧಿಕಾರ ಇದ್ದದ್ದೇ ಅಲ್ಲಿ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದರು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಯಾರು ಬೇಕಾದರೂ ತಮ್ಮ ಪಹಣಿ ಪಡೆಯುವಂತಾದದ್ದು ಸಣ್ಣ ಬದಲಾವಣೆಯಲ್ಲ.

ಆದರೆ ಕೋಷ್ಟಕದ ಮನೆಯೊಳಗೆ ಕೂತ ಸಂಖ್ಯೆ ತನ್ನ ಬಗೆಯನ್ನು ತಾನಾಗಿ ಹೇಳುವುದಿಲ್ಲ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆಯುವುದು ನಮ್ಮಲ್ಲಿ ರೂಢಿ. ಇದಕ್ಕೆ ಒಂದು ಎಕರೆ ಮೂವತ್ತು ಗುಂಟೆ, ಅಂದರೆ 1.30, ಸೇರಿಸಿ. ಎಕರೆಗೆ ನಲವತ್ತು ಗುಂಟೆಯಂತೆ ನಾಲ್ಕು ಎಕರೆ ಹತ್ತು ಗುಂಟೆ ಆಗಬೇಕು. ಈ ಪಹಣಿಗಳನ್ನು ಸಾಮಾನ್ಯ ಹಾಳೆಗೆ ನಕಲಿಸಿಕೊಂಡ ವಿದ್ಯಾರ್ಥಿಯ ಕಂಪ್ಯೂಟರು ಚುಕ್ಕಿಯನ್ನು ದಶಮಾಂಶವೆಂದು ಓದಿ 3.50 ಎನ್ನುತ್ತದೆ. ಅದನ್ನು ಮೂರೂವರೆ ಎಕರೆ ಎಂದು ಓದಿದರೆ ಮುಕ್ಕಾಲು ಎಕರೆ ಮಾಯ. ಪರದೆಯ ಮೇಲೆ ಕೆಂಪು ಗುರುತಿಲ್ಲ, ದೂರಿಲ್ಲ. ಸರ್ವೆ ನಂಬರಿನದು ಇನ್ನೊಂದು ಕಥೆ. 12/3 ಎಂಬುದು ಜಮೀನಿನ ಹೆಸರು, ಲೆಕ್ಕ ಮಾಡುವ ಸಂಖ್ಯೆಯೇ ಅಲ್ಲ. ಕೆಲವು ತಂತ್ರಾಂಶಗಳು ಅದನ್ನು ದಿನಾಂಕವೆಂದು ಬದಲಿಸಿಬಿಡುತ್ತವೆ.

ಇತಿಹಾಸದ ವಿದ್ಯಾರ್ಥಿಗೆ ಇದೇ ಅಪಾಯ ವರ್ಷಗಳಲ್ಲಿ ಎದುರಾಗುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ ಪ್ರಕಟವಾದದ್ದು 1902ರಲ್ಲಿ. ಇಂದಿನ ಸಕಲೇಶಪುರ ಅದರಲ್ಲಿ ಮಂಜರಾಬಾದ್ ತಾಲ್ಲೂಕು. ಪಿಎಚ್.ಡಿ. ಕೆಲಸಕ್ಕೆಂದು ಇಂಥ ಶಾಸನಗಳ ದತ್ತಿಗಳನ್ನು ಕೋಷ್ಟಕಕ್ಕೆ ಇಳಿಸುವಾಗ ಒಂದು ಅಂಕಣಕ್ಕೆ ‘ವರ್ಷ’ ಎಂದು ಹೆಸರಿಡುವುದು ಸುಲಭ. ಅದರಲ್ಲಿ ಕೆಲವು ಸಾಲು ಶಕ ವರ್ಷ, ಕೆಲವು ಕ್ರಿಸ್ತಶಕ ಎಂದಿಟ್ಟುಕೊಳ್ಳಿ. ‘1200ಕ್ಕಿಂತ ಹಿಂದಿನ ದತ್ತಿಗಳನ್ನು ಕೊಡು’ ಎಂದು ಡೇಟಾಬೇಸಿಗೆ ಕೇಳಿದರೆ ಶಕ 1150ರದ್ದೂ ಬರುತ್ತದೆ. ಶಕಕ್ಕೆ ಎಪ್ಪತ್ತೆಂಟು ಕೂಡಿಸಿದರೆ ಅದು ಕ್ರಿ.ಶ. 1228, ಹೊಯ್ಸಳ ಇಮ್ಮಡಿ ನರಸಿಂಹನ ಕಾಲ. ಆತನ ಕಾಲದ ದಾನ ಸದ್ದಿಲ್ಲದೆ ಹಿಂದಿನ ದೊರೆಗಳ ಲೆಕ್ಕಕ್ಕೆ ಹೋಗುತ್ತದೆ. ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದರೂ ತಪ್ಪು ಹೊರಗೆ ಕಾಣುವುದಿಲ್ಲ.

ಇಂಥ ತಪ್ಪನ್ನು ಪ್ರಶ್ನೆ ಓಡುವ ಮೊದಲೇ ಹಿಡಿಯುವ ಉಪಾಯಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಟೈಪ್ ಇನ್‌ಫರೆನ್ಸ್ ಎನ್ನುತ್ತಾರೆ. ನಾನು ಅದನ್ನು ‘ಬಗೆಯ ಅನುಮಾನ’ ಎಂದು ಕರೆಯುತ್ತೇನೆ. ನ್ಯಾಯಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಆಡುಮಾತಿನಲ್ಲಿ ಅನುಮಾನವೆಂದರೆ ಶಂಕೆ. ಇಲ್ಲಿ ಎರಡೂ ಅರ್ಥ ಸಲ್ಲುತ್ತವೆ.

ಕನ್ನಡಿಗರಿಗೆ ಇದು ಹೊಸತಲ್ಲ. ‘ಬಂದಳು’ ಎಂಬ ಒಂದೇ ಮಾತು ಕೇಳಿದರೆ ಬಂದದ್ದು ಒಬ್ಬ ಹೆಣ್ಣುಮಗಳು ಎಂದು ತಿಳಿಯುತ್ತೇವೆ. ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಮೂವರು’ ಎಂದರೆ ಜನ, ‘ಮೂರು’ ಎಂದರೆ ಮರವೋ ಮನೆಯೋ ಇರಬಹುದು. ‘ಮೂವರು ಮರಗಳು’ ಎಂದರೆ ಮರಗಳನ್ನು ಎಣಿಸಿ ನೋಡುವ ಮೊದಲೇ ಕಿವಿ ತಡೆಯುತ್ತದೆ. ಯಂತ್ರವೂ ಹೀಗೆಯೇ ಮಾಡುತ್ತದೆ. ಒಂದು ಅಂಕಣವನ್ನು ಯಾವುದರ ಜೊತೆ ಕೂಡಿಸಿದ್ದೀರಿ, ಯಾವುದಕ್ಕೆ ಹೋಲಿಸಿದ್ದೀರಿ ಎಂಬುದರಿಂದ ಅದರ ಬಗೆ ಏನಿರಬೇಕೆಂದು ತರ್ಕಿಸುತ್ತದೆ. ಎರಡು ಕಡೆಯ ತರ್ಕ ಕೂಡಿಬರದಿದ್ದರೆ ಪ್ರಶ್ನೆಯನ್ನು ಓಡಿಸದೆ ಹಿಂದಿರುಗಿಸುತ್ತದೆ.

ಈ ವಿಚಾರಕ್ಕೂ ಒಂದು ಇತಿಹಾಸವಿದೆ. ಕೋಷ್ಟಕಗಳ ಸಂಬಂಧವಾಗಿ ಡೇಟಾಬೇಸನ್ನು ಕಲ್ಪಿಸಿದ ಎಡ್ಗರ್ ಕಾಡ್ 1970ರ ತಮ್ಮ ಲೇಖನದಲ್ಲೇ ಪ್ರತಿ ಅಂಕಣದ ಮೌಲ್ಯಗಳೂ ಒಂದು ಗೊತ್ತಾದ ‘ಡೊಮೇನ್’ನಿಂದ ಬರಬೇಕು ಎಂದಿದ್ದರು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಐಬಿಎಂನಲ್ಲಿ ರೂಪಿಸಿದ ಭಾಷೆ ಮುಂದೆ ಎಸ್‌ಕ್ಯೂಎಲ್ ಆಗಿ ಜಗತ್ತಿಗೆಲ್ಲ ಹರಡಿತು. ಆದರೆ ಬಳಕೆಯಲ್ಲಿ ಉಳಿದದ್ದು ಹೆಚ್ಚಾಗಿ ಪೂರ್ಣಾಂಕ, ದಶಮಾಂಶ, ಅಕ್ಷರ, ದಿನಾಂಕ ಎಂಬ ಒರಟು ವಿಂಗಡಣೆ. ಇನ್ನೊಂದು ಕಡೆ, ತರ್ಕಶಾಸ್ತ್ರಜ್ಞ ರೋಜರ್ ಹಿಂಡ್ಲಿ 1969ರಲ್ಲಿ ಕಂಡುಕೊಂಡದ್ದನ್ನೇ ರಾಬಿನ್ ಮಿಲ್ನರ್ 1978ರಲ್ಲಿ ಎಂಎಲ್ ಎಂಬ ಭಾಷೆಗಾಗಿ ಸ್ವತಂತ್ರವಾಗಿ ಕಂಡುಕೊಂಡರು: ಬರೆಯುವವರು ಬಗೆಗಳನ್ನು ಎಲ್ಲೆಡೆ ನಮೂದಿಸದಿದ್ದರೂ ಯಂತ್ರ ತಾನೇ ತಿಳಿಯಬಲ್ಲದು. ಈ ಎರಡು ಹೊಳೆಗಳನ್ನು ಕೂಡಿಸಲು ಹೊರಟವರಲ್ಲಿ ಅತ್ಸುಶಿ ಒಹೊರಿ ಮತ್ತು ಪೀಟರ್ ಬ್ಯೂನ್‌ಮನ್ ಮುಖ್ಯರು. 1988ರಲ್ಲಿ ಅವರು ಡೇಟಾಬೇಸ್ ಭಾಷೆಯಲ್ಲಿ ಬಗೆಯ ಅನುಮಾನದ ಬಗ್ಗೆ ಬರೆದರು. ಮರುವರ್ಷ ವಾಲ್ ಬ್ರೆಯಾಜು-ಟಾನೆನ್ ಜೊತೆ ಸೇರಿ ‘ಮೆಕಿಯವೆಲ್ಲಿ’ ಎಂಬ ಭಾಷೆಯನ್ನೇ ಮುಂದಿಟ್ಟರು.

ಹಾಗಾದರೆ ಮಂಜರಾಬಾದಿನ ಕೋಷ್ಟಕವನ್ನು ಇಂಥ ಭಾಷೆಗೆ ಒಪ್ಪಿಸಿದರೆ ಮುಗಿಯಿತೇ? ಇಲ್ಲ. ಶಕ ವರ್ಷವನ್ನೂ ಕ್ರಿಸ್ತಶಕವನ್ನೂ ಬರೀ ಪೂರ್ಣಾಂಕವೆಂದು ಕೊಟ್ಟರೆ ಯಂತ್ರಕ್ಕೆ ಅವೆರಡೂ ಪೂರ್ಣಾಂಕವೇ. ಅದು ಸಂತೋಷವಾಗಿ ಹೋಲಿಸುತ್ತದೆ. ಅವು ಬೇರೆ ಬೇರೆ ಬಗೆ ಎಂದು ಒಮ್ಮೆಯಾದರೂ ನಾವು ಸಾರಬೇಕು. ಆಮೇಲೆ ಎಷ್ಟೇ ಉದ್ದದ ಪ್ರಶ್ನೆಯಲ್ಲೂ ಅದು ಆ ಎಳೆಯನ್ನು ಬಿಡದೆ ಹಿಡಿದು, ಎಲ್ಲಿ ಗಂಟು ಬಿದ್ದಿದೆ ಎಂದು ತೋರಿಸುತ್ತದೆ. ಇನ್ನು ಕೆಲವು ಅದರ ಕೈಗೆ ಎಟುಕುವುದಿಲ್ಲ. ಮಂಜರಾಬಾದ್ ಮತ್ತು ಸಕಲೇಶಪುರ ಎರಡೂ ಊರುಗಳ ಹೆಸರೆಂದು ಅದಕ್ಕೆ ಗೊತ್ತಾಗಬಹುದು. ಒಂದರ ಕಡತ ಇನ್ನೊಂದರದ್ದೂ ಹೌದೆಂದು ಗೊತ್ತಾಗುವುದಿಲ್ಲ. ಶಾಸನದ 7ನ್ನು ಯಾರಾದರೂ 1 ಎಂದು ಓದಿದ್ದರೆ ಅದೂ ಗೊತ್ತಾಗುವುದಿಲ್ಲ.

ಬಗೆಗಳನ್ನು ಸಾರುವುದು ಕಂಪ್ಯೂಟರಿನವರ ಕೆಲಸವೆಂದು ನಮ್ಮಲ್ಲಿ ಅನೇಕರು ಪಕ್ಕಕ್ಕಿಡುತ್ತಾರೆ. ಅದು ಇತಿಹಾಸಕಾರರ ಕೆಲಸ ಎಂಬುದು ನನ್ನ ವಾದ. ಗದ್ಯಾಣ ಈ ಸಾಲಿನಲ್ಲಿ ನಾಣ್ಯವೋ ತೂಕವೋ, ಹಾಗವೆಂದರೆ ಇಲ್ಲಿ ಕಾಲು ಹಣವೇ ಎಂದು ತೀರ್ಮಾನಿಸಲು ಶಾಸನ ಓದಿದವರೇ ಬೇಕು. ಶಾನುಭೋಗರ ತಲೆಯಲ್ಲಿ ಅಡಗಿದ್ದದ್ದು ಇದೇ ಬಗೆಯ ತಿಳಿವು. ಅದನ್ನು ಈಗ ಎಲ್ಲರಿಗೂ ಕಾಣುವಂತೆ, ಪ್ರಶ್ನಿಸುವಂತೆ ಬರೆದಿಡಬಹುದು. ನನ್ನ ಪಟ್ಟಿಯಲ್ಲಿ ಖಂಡುಗಕ್ಕೆ ನಾಲ್ಕು ಬಗೆ ಇಟ್ಟಿದ್ದೇನೆ: ಕಾಳು, ಗದ್ದೆ, ಹೊಲ, ಮತ್ತು ‘ತಿಳಿಯದು’. ನಾಲ್ಕನೆಯದನ್ನು ಉಳಿದವುಗಳ ಜೊತೆ ಕೂಡಿಸಲು ಹೋದರೆ ಯಂತ್ರ ಒಪ್ಪುವುದಿಲ್ಲ. ಆಗ ಮೊತ್ತವನ್ನು ಬದಿಗಿಟ್ಟು ಶಾಸನದ ಪಾಠಕ್ಕೆ ಮರಳಿ ಆ ಸಾಲನ್ನು ಮತ್ತೊಮ್ಮೆ ಓದಬೇಕಾಗುತ್ತದೆ.