ಉದ್ದಮೀಸೆಯ ಜೀರುಂಡೆ: ಪುಸ್ತಕದಲ್ಲಿ ಸಿಗದ ಅರ್ಧ

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಶಿವಮೊಗ್ಗದ ಬೀದಿದೀಪದ ಕೆಳಗೋ ಭದ್ರಾವತಿಯ ಸೌದೆ ರಾಶಿಯ ಮೇಲೋ ಎರಡು ಅಂಗುಲ ಉದ್ದದ ಬೂದುಬಣ್ಣದ ಜೀರುಂಡೆಯೊಂದು ನಿಮಗೆ ಸಿಗಬಹುದು. ಅದರ ಸ್ಪರ್ಶಾಂಗ ದೇಹಕ್ಕಿಂತ ಉದ್ದ. ಹಿಡಿದರೆ ಎದೆಯ ಭಾಗ ಉಜ್ಜಿ ಕಿರಕಿರ ಸದ್ದು ಮಾಡುತ್ತದೆ. ಇದು ಮಾವಿನ ಕಾಂಡಕೊರಕ, ಬ್ಯಾಟೊಸೆರಾ ರುಫೊಮ್ಯಾಕುಲೇಟಾ.

ಇಂಥ ಜೀರುಂಡೆಗಳನ್ನು ಲಾಟ್ರೇಯ್ 1802ರಲ್ಲಿ ಸೆರಾಂಬಿಸಿಡೆ ಎಂಬ ಕುಟುಂಬವಾಗಿ ಗುರುತಿಸಿದ. ಕೇವಲ ಮೀಸೆಯ ಉದ್ದ ನೋಡಿದರೆ ಮೋಸಹೋಗುತ್ತೀರಿ; ಮೀಸೆ ಗಿಡ್ಡವಿರುವ ಸದಸ್ಯರೂ ಈ ಕುಟುಂಬದಲ್ಲಿವೆ. ಮೀಸೆಯ ಬುಡವನ್ನು ಸುತ್ತುವರಿದು ಒಳಬಾಗಿದ ಕಣ್ಣು, ನಾಲ್ಕೇ ಗೆಣ್ಣಿನಂತೆ ಕಾಣುವ ಪಾದ (ವಾಸ್ತವವಾಗಿ ಐದು, ನಾಲ್ಕನೆಯದು ತೀರಾ ಚಿಕ್ಕದು) ಹೆಚ್ಚು ನಂಬಿಕೆಯ ಗುರುತುಗಳು.

ನಮ್ಮ ದೇಶದ ಮಟ್ಟಿಗೆ ದೊಡ್ಡ ಹೆಜ್ಜೆ 1906ರಲ್ಲಿ. ಬ್ರಿಟಿಷ್ ಮ್ಯೂಸಿಯಂನ ಸಿ. ಜೆ. ಗಹನ್ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಗೆ ಈ ಕುಟುಂಬದ ಸಂಪುಟ ಬರೆದರು. ಆದರೆ ನಿಮ್ಮ ಕೈಯಲ್ಲಿರುವ ಬ್ಯಾಟೊಸೆರಾವನ್ನು ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ! ಅದು ಸೇರಿರುವ ಲ್ಯಾಮಿನೆ ಎಂಬ ದೊಡ್ಡ ಉಪಕುಟುಂಬವನ್ನೇ ಗಹನ್ ಬಿಟ್ಟಿದ್ದರು. ಅದಕ್ಕೆಂದು ಬರಬೇಕಾಗಿದ್ದ ಸಂಪುಟ ಆ ಮಾಲೆಯಲ್ಲಿ ಬರಲೇ ಇಲ್ಲ.

ಭದ್ರಾವತಿಯ ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಇಂಧನ. ಕಡಿದು ಒಟ್ಟಿದ ಮರವೆಂದರೆ ಕೊರಕಗಳಿಗೆ ಹಬ್ಬ. ಮರವನ್ನು ಕೊರೆಯುವ ಹುಳುಗಳ ಜೀವನಕ್ರಮವನ್ನು ಡೆಹರಾಡೂನಿನ ಅರಣ್ಯ ಕೀಟತಜ್ಞ ಬೀಸನ್ ವಿಸ್ತಾರವಾಗಿ ಅಭ್ಯಸಿಸಿ, 1941ರಲ್ಲಿ ಭಾರತದ ಅರಣ್ಯಕೀಟಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದರು.

ಉಪಕುಟುಂಬ ತಿಳಿಯಲು ನಿಮ್ಮ ಶಾಲೆಯ ಮಸೂರವೇ ಸಾಕು. ಮುಖವನ್ನು ಪಕ್ಕದಿಂದ ನೋಡಿ: ಗೋಡೆಯಂತೆ ನೇರ ಕೆಳಗಿಳಿದಿದ್ದು, ಬಾಯಿಯ ಪಕ್ಕದ ಪುಟ್ಟ ಸ್ಪರ್ಶಕದ ತುದಿ ಚೂಪಾಗಿದ್ದರೆ ಲ್ಯಾಮಿನೆ. ಮುಂಗಾಲಿನ ಒಳಬದಿಯಲ್ಲಿ ಓರೆ ಗಾಡಿಯೂ ಇರುತ್ತದೆ. ಮೀಸೆ ಒರೆಸಿಕೊಳ್ಳಲು ಅದು ಬೇಕು. ಮುಖ ಮುಂದಕ್ಕೆ ಓರೆಯಾಗಿದ್ದು ಸ್ಪರ್ಶಕದ ತುದಿ ಮೊಂಡಾಗಿದ್ದರೆ ಸೆರಾಂಬಿಸಿನೆ. ಎದೆಯ ಅಂಚು ಹರಿತವಾಗಿ, ಹಲ್ಲು ಮೂಡಿದ್ದರೆ ಪ್ರಿಯೋನಿನೆ.

ಇದು ಹೆಸರಿನ ಕಸರತ್ತಲ್ಲ. ಕಾಫಿಯ ಬಿಳಿ ಕಾಂಡಕೊರಕ (ಝೈಲೊಟ್ರೆಕಸ್ ಕ್ವಾಡ್ರಿಪೆಸ್) ಸೆರಾಂಬಿಸಿನೆ. ಅದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುವುದರಿಂದ ಬೆಳೆಗಾರರು ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುತ್ತಾರೆ. ಮಾವಿನ ಕೊರಕದ ಹೆಣ್ಣು ದವಡೆಯಿಂದ ತೊಗಟೆಯನ್ನೇ ಸೀಳಿ ಮೊಟ್ಟೆ ಹುದುಗಿಸುತ್ತದೆ. ಅಲ್ಲಿ ಉಜ್ಜಿ ಕುಳಿತರೆ ಪ್ರಯೋಜನ ಕಡಿಮೆ. ಹುಡಿ ಉದುರುವ ರಂಧ್ರ ಹುಡುಕಿ, ತಂತಿಯ ಕೊಕ್ಕೆ ತೂರಿಸಿ ಮರಿಹುಳುವನ್ನು ಹೊರಗೆಳೆಯಬೇಕು.