ಹನ್ನೆರಡು ಅರೆಬರೆ ಬಾಣಗಳು

ಕಳೆದ ತಿಂಗಳು ಒಂದು ಆನ್‌ಲೈನ್ ಅಂಗಡಿಯ ಸರಕಿನ ಪಟ್ಟಿ ಅನುವಾದಕ್ಕೆಂದು ನನ್ನ ಬಳಿ ಬಂತು. ಟೆಂಟು, ಟಾರ್ಚು, ನೀರಿನ ಬಾಟಲಿಗಳ ನಡುವೆ ಬಿಲ್ಲುಬೇಟೆಗಾರರ ಬೆನ್ನುಚೀಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮ ದೇಶದಲ್ಲಿ ಅದನ್ನು ಹೊತ್ತು ಬೇಟೆಗೆ ಹೊರಡುವಂತಿಲ್ಲ. ಆದರೆ ಪಟ್ಟಿ ಎಲ್ಲ ಭಾಷೆಗಳಿಗೂ ಒಟ್ಟಿಗೇ ಹೋಗುತ್ತದಂತೆ. ನನಗೆ ಪದಕ್ಕಿಷ್ಟು ಎಂದು ದುಡ್ಡು.

ಅನುವಾದಿಸುತ್ತಾ ಹೋದಂತೆ ಚೀಲ ಆರಿಸುವುದರ ಹಿಂದಿನ ಲೆಕ್ಕಾಚಾರ ಕಾಣತೊಡಗಿತು. ಬೆಟ್ಟ ಹತ್ತುವಾಗ ಎರಡೂ ಕೈ ಬಿಡುವಾಗಿರಬೇಕು, ಹಾಗಾದರೆ ಬಿಲ್ಲು ಎಲ್ಲಿ? ಚೀಲ ಇಳಿಸದೆ ಬಾಣ ಕೈಗೆ ಸಿಗುತ್ತದೆಯೇ? ಪೊದೆಗೆ ತಗುಲಿದರೆ ಬಟ್ಟೆ ಸದ್ದು ಮಾಡುತ್ತದೆಯೇ? ಬೇಟೆ ಸಿಕ್ಕರೆ ಮಾಂಸದ ಭಾರವನ್ನು ಚೌಕಟ್ಟು ತಡೆದೀತೇ? ಇವು ಹೊಸ ಪ್ರಶ್ನೆಗಳಲ್ಲ. ಸುಮಾರು 5,300 ವರ್ಷ ಹಿಂದೆ ಒಬ್ಬ ಮನುಷ್ಯ ಇವಕ್ಕೆ ಕೊಟ್ಟುಕೊಂಡ ಉತ್ತರ ಇಟಲಿಯ ಬೊಲ್ಜಾನೊ ಊರಿನ ಮ್ಯೂಸಿಯಮ್ಮಿನಲ್ಲಿದೆ.

1991ರ ಸೆಪ್ಟೆಂಬರ್ 19ರಂದು ಆಲ್ಪ್ಸ್ ಪರ್ವತದಲ್ಲಿ, 3,200 ಮೀಟರ್ ಎತ್ತರದಲ್ಲಿ, ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗೆ ಕರಗುತ್ತಿದ್ದ ಹಿಮದಲ್ಲಿ ಒಂದು ಹೆಣ ಕಂಡಿತು. ಇತ್ತೀಚೆಗೆ ಸತ್ತ ಯಾರೋ ಚಾರಣಿಗನಿರಬೇಕೆಂದು ಮೊದಲು ಎಲ್ಲರೂ ತಿಳಿದರು. ಅವನು ತಾಮ್ರಯುಗದವನು. ಈಗ ಜಗತ್ತು ಅವನನ್ನು ಓಟ್ಸಿ ಎಂದು ಕರೆಯುತ್ತದೆ. ಸತ್ತಾಗ ವಯಸ್ಸು 45ರ ಆಸುಪಾಸು, ಎತ್ತರ 1.60 ಮೀಟರ್.

ಸಮಾಧಿಗಳಲ್ಲಿ ಸಿಗುವ ವಸ್ತುಗಳನ್ನು ಉಳಿದವರು ಆರಿಸಿ ಇಟ್ಟಿರುತ್ತಾರೆ. ಓಟ್ಸಿಯ ಬಳಿ ಸಿಕ್ಕಿದ್ದು ಅವನೇ ಆರಿಸಿ ಹೊತ್ತದ್ದು. ಸೊಂಟದ ಪಟ್ಟಿಗೆ ಹೊಲಿದ ಚರ್ಮದ ಸಂಚಿಯಲ್ಲಿ ಚಕಮಕಿ ಕಲ್ಲಿನ ಸಣ್ಣ ಉಪಕರಣಗಳು, ಮೂಳೆಯ ದಬ್ಬಳ, ಬೆಂಕಿ ಹೊತ್ತಿಸುವ ಅಣಬೆ: ಕ್ಷಣದಲ್ಲಿ ಬೇಕಾಗುವವು ಕೈಗೆಟಕುವಲ್ಲಿ. ಬರ್ಚ್ ಮರದ ತೊಗಟೆಯ ಎರಡು ಡಬ್ಬಿಗಳ ಪೈಕಿ ಒಂದರಲ್ಲಿ ಮೇಪಲ್ ಎಲೆಗಳಲ್ಲಿ ಸುತ್ತಿಟ್ಟ ಕೆಂಡ ಹೋಗುತ್ತಿತ್ತು. ಭಾರಕ್ಕೆ ಬೆನ್ನ ಮೇಲೊಂದು ಚೌಕಟ್ಟು: ಬಗ್ಗಿಸಿದ ಹೇಝಲ್ ಕೋಲು, ಅದಕ್ಕೆ ಅಡ್ಡಲಾಗಿ ಲಾರ್ಚ್ ಮರದ ಎರಡು ಹಲಗೆ. ಅದು ಹಿಮದ ಮೇಲೆ ನಡೆಯುವ ಮೆಟ್ಟಿನ ಭಾಗ ಎಂದು ವಾದಿಸುವವರೂ ಇದ್ದಾರೆ. ಬೆನ್ನಿನ ಚೌಕಟ್ಟೇ ಆಗಿದ್ದರೆ, ನಾನು ಅನುವಾದಿಸಿದ ಚೀಲದೊಳಗಿನ ಅಲ್ಯೂಮಿನಿಯಂ ಚೌಕಟ್ಟಿಗೆ ಅದೇ ಮುತ್ತಜ್ಜ.

ಬಾಣಗಳಿಗೆ ಬೇರೆಯೇ ಚೀಲ, ಚರ್ಮದ್ದು. 2016ರ ಡಿಎನ್‌ಎ ಅಧ್ಯಯನದ ಪ್ರಕಾರ ಅದು ರೋ ಎಂಬ ಸಣ್ಣ ಜಿಂಕೆಯ ತೊಗಲು. ಒಂದು ಬದಿಗೆ ಕೋಲು ಕೊಟ್ಟು ಬಿಗಿ ಮಾಡಿದ್ದ, ಉದ್ದದ ಬಾಣ ಮಡಚಿಕೊಳ್ಳದ ಹಾಗೆ. ಬಾಣ, ಬಟ್ಟೆ, ಆಹಾರ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಬಾರದೆಂಬ ಬುದ್ಧಿ ಆಗಲೇ ಇತ್ತು.

ಇಲ್ಲಿ ನನಗೆ ಪದದ ತೊಡಕು ಬಂತು. ಬಾಣದ ಚೀಲಕ್ಕೆ ಕನ್ನಡದಲ್ಲಿ ಬತ್ತಳಿಕೆ ಎಂಬ ಚಂದದ ಪದವಿದೆ. ಆದರೆ ಬತ್ತಳಿಕೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವವನು ಅರ್ಜುನ. ಖಾಂಡವ ವನವನ್ನು ಸುಡುವ ಹೊತ್ತಿಗೆ ಗಾಂಡೀವದ ಜೊತೆ ಅವನಿಗೆ ಸಿಕ್ಕಿದ್ದು ಅಕ್ಷಯ ಬತ್ತಳಿಕೆಗಳು. ಎಷ್ಟು ತೆಗೆದರೂ ಬಾಣ ಮುಗಿಯುವುದಿಲ್ಲ. ನಮ್ಮ ಮಾತಿನಲ್ಲೂ ಬತ್ತಳಿಕೆ ಎಂದರೆ ಸಿದ್ಧವಾಗಿರುವ ಅಸ್ತ್ರಗಳ ಸಂಗ್ರಹ.

ಓಟ್ಸಿಯ ಬತ್ತಳಿಕೆಯಲ್ಲಿ ಇದ್ದದ್ದು 14 ಬಾಣದ ಕೋಲು. ಕಲ್ಲಿನ ಮೊನೆ, ಗರಿ ಎರಡೂ ಕಟ್ಟಿದ್ದವು ಎರಡೇ. ಆ ಎರಡೂ ಮುರಿದಿದ್ದವು. ಉಳಿದ ಹನ್ನೆರಡು ಅರೆಬರೆ. ಅವುಗಳ ಜೊತೆ ಜಿಂಕೆಗೊಂಬಿನ ತುಂಡುಗಳು, ಪ್ರಾಣಿಯ ನರ, ಒಂದು ಹುರಿ. ಕಲ್ಲಿಗೆ ಒರಗಿದಂತೆ ಸಿಕ್ಕಿದ ಯೂ ಮರದ ಬಿಲ್ಲು ಅವನಿಗಿಂತ ಉದ್ದ, 1.82 ಮೀಟರ್, ಅದನ್ನೂ ಇನ್ನೂ ನಯ ಮಾಡಿರಲಿಲ್ಲ. ಕಲ್ಲಿನ ಉಪಕರಣಗಳು ಹರಿತ ಮಾಡಿ ಮಾಡಿ ಸವೆದುಹೋಗಿದ್ದವೆಂದು 2018ರ ಅಧ್ಯಯನ ತೋರಿಸಿತು. ಸಾಯುವ ಕೆಲವೇ ದಿನ ಮೊದಲು ಅವನ ಬಲಗೈಗೆ ಹೆಬ್ಬೆರಳಿನ ಬುಡದಲ್ಲಿ ಆಳವಾದ ಗಾಯವಾಗಿತ್ತು. ಆ ಕೈಯಲ್ಲಿ ಕೋಲು ಕೆತ್ತುವುದು ಎಷ್ಟು ಕಷ್ಟವಾಗಿರಬೇಕು, ಯೋಚಿಸಿ.

2001ರಲ್ಲಿ ಎಕ್ಸ್-ರೇ ಇನ್ನೊಂದು ಸಂಗತಿ ಹೇಳಿತು: ಅವನ ಎಡ ಭುಜದೊಳಗೆ ಚಕಮಕಿ ಕಲ್ಲಿನ ಬಾಣದ ಮೊನೆಯಿತ್ತು. ಹಿಂದಿನಿಂದ ಬಿಟ್ಟ ಬಾಣ ರಕ್ತನಾಳವನ್ನು ಕತ್ತರಿಸಿತ್ತು. ಬಿಟ್ಟವನ ಬತ್ತಳಿಕೆಯಲ್ಲಿ ಒಂದಾದರೂ ಪೂರ್ತಿಯಾದ ಬಾಣವಿತ್ತು.

ಓಟ್ಸಿಯ ಹೊರೆಯಲ್ಲಿ ಯಾವುದು ಎಲ್ಲಿರಬೇಕೋ ಅಲ್ಲೇ ಇತ್ತು. ಅವನಿಗೆ ಸಾಲದೇ ಹೋದದ್ದು ಚೀಲವಲ್ಲ, ಸಮಯ. ಮರ ಆರಿಸಿ, ಕೋಲು ಸವರಿ, ನರ ಕೂಡಿಸಿ, ನಾಳೆಯೋ ನಾಡಿದ್ದೋ ಕೂತು ಮುಗಿಸುತ್ತೇನೆ ಎಂದುಕೊಂಡು ಅವನು ಅದನ್ನೆಲ್ಲ ಬೆಟ್ಟದ ಮೇಲಕ್ಕೆ ಹೊತ್ತಿದ್ದ.

ಪಟ್ಟಿಯಲ್ಲಿ ಮೊದಲು 'ಬಾಣದ ಚೀಲ' ಎಂದು ಬರೆದಿದ್ದೆ, ಅರ್ಜುನನ ನೆನಪು ಅಡ್ಡ ಬರಬಾರದೆಂದು. ಕಳಿಸುವ ಮೊದಲು ಅದನ್ನು ಹೊಡೆದು 'ಬತ್ತಳಿಕೆ' ಎಂದು ತಿದ್ದಿದೆ. ಅಕ್ಷಯವಲ್ಲದ ಬತ್ತಳಿಕೆಗಳೇ ಲೋಕದಲ್ಲಿ ಹೆಚ್ಚು. ಪದ ಅವಕ್ಕೂ ಸಲ್ಲಬೇಕು.